1987, ರೂಮ್ ನಂಬರ್ 23, ಎ ಸೈಡು ಬಿ ಸೈಡು

ಮ್ಯಾಗಜೀನ್ ಕಮಿಟಿ ಹುಡುಗಿ ಫೋನ್ ಮಾಡಿ, ಸಾರ್ ಹಳೇ ಸ್ಟೂಡೆಂಟ್ಸ್ ಪುಟಕ್ಕೆ ಏನಾದ್ರೂ ಬರ್ಕೊಡಿ, ನಿಮ್ಗೆ ಮರೆಯೋಕಾಗದ ವರ್ಷ ಯಾವ್ದು ಅಂತ ಕೇಳಿದಾಗ ನಾನು ಒಂದು ಸೆಕೆಂಡೂ ಯೋಚ್ನೆ ಮಾಡ್ದೆ 1987 ಅಂದುಬಿಟ್ಟೆ. ಆ ವರ್ಷ ಏನಾಯ್ತು ಸಾರ್ ಅಂದ್ಲು. ಏನಾಯ್ತು ಅಂತ ಹೇಳ್ಲಮ್ಮಾ, ಮಾರ್ಚಲ್ಲಿ ಯೂ-ಟೂ, ಜುಲೈನಲ್ಲಿ ಗನ್ಸ್ ಎನ್ ರೋಸಸ್, ಆಗಸ್ಟಲ್ಲಿ ಡೆಫ್ ಲೆಪರ್ಡ್, ಸೆಪ್ಟೆಂಬರಲ್ಲಿ ಪಿಂಕ್ ಫ್ಲಾಯ್ಡ್, ಇಷ್ಟೂ ರಾಕ್ ಬ್ಯಾಂಡುಗಳ ಆಲ್ಬಮ್ಮು ಒಂದೇ ಕ್ಯಾಲೆಂಡರಲ್ಲಿ ಬಂತು ಅಂತ ಶುರು ಮಾಡಿದೋನು ಇಪ್ಪತ್ತು ನಿಮಿಷ ಬಿಡ್ಲೇ ಇಲ್ಲ. ಪಾಪ ಆ ಮಗು ಕೊನೆಗೆ "ಸಾರ್, ಇದನ್ನೇ ಬರ್ದು ಕಳ್ಸಿ" ಅಂತು. ಅದಕ್ಕೇ ಇದು.

ನಾನಾಗ ಮೆಕ್ಯಾನಿಕಲ್ ಎರಡನೇ ವರ್ಷ. ದಾವಣಗೆರೆ ಇನ್ನೂ ಜಿಲ್ಲೆ ಆಗಿರ್ಲಿಲ್ಲ, ಚಿತ್ರದುರ್ಗಕ್ಕೇ ಸೇರಿತ್ತು, ಹತ್ತಿ ಮಿಲ್ಲುಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸ್ರು ಮಾತ್ರ ದೊಡ್ಡದಾಗಿ ಇತ್ತು. ನಾನು ರಾಣೆಬೆನ್ನೂರಿನ ಹತ್ರದ ಹಳ್ಳಿಯಿಂದ ಬಂದೋನು, ಹಾಡು ಅಂದ್ರೆ ಮನೇಲಿ ರೇಡಿಯೋದಲ್ಲಿ ಬರೋ ರಾಜ್‌ಕುಮಾರ್ ಹಾಡು, ಜಾತ್ರೆ ಬಂತಂದ್ರೆ ಡೊಳ್ಳು, ಅಷ್ಟೇ. ರೂಮ್ ನಂಬರ್ 23ರಲ್ಲಿ ನನ್ ಜೊತೆ ಇದ್ದೋನು ಹುಬ್ಬಳ್ಳಿ ಹುಡುಗ, ಎದುರು ರೂಮಲ್ಲಿ ಶಿಲ್ಲಾಂಗಿಂದ ಬಂದಿದ್ದ ಒಬ್ಬ ಸೀನಿಯರ್. ಅವ್ನ ಹೆಸ್ರು ಯಾರ ಬಾಯಲ್ಲೂ ಸರಿಯಾಗಿ ಬರ್ತಿರ್ಲಿಲ್ಲ ಅಂತ ಎಲ್ರೂ ಶಿಲ್ಲಾಂಗ್ ಅಂತಲೇ ಕರೀತಿದ್ವಿ, ಅವ್ನೂ ಓ ಅಂತಿದ್ದ. ಶಿಲ್ಲಾಂಗಲ್ಲಿ ನಮ್ಮೂರಲ್ಲಿ ಭಜನೆ ಮಂಡಳಿ ಇದ್ದಂಗೆ ಕೇರಿಗೊಂದು ರಾಕ್ ಬ್ಯಾಂಡ್ ಇರುತ್ತೆ ಅಂತ ಅವ್ನು ಹೇಳಿದಾಗ ನಾವು ನಂಬಿರ್ಲಿಲ್ಲ, ಆಮೇಲೆ ಅವ್ನು ಗಿಟಾರ್ ಹಿಡಿದಿದ್ದು ನೋಡಿದ ಮೇಲೆ ಎಲ್ಲಾನೂ ನಂಬಿದ್ವಿ.

ಅವ್ನ ಕನ್ನಡದ ಬಗ್ಗೆ ಹೇಳ್ಲೇಬೇಕು. ನಮ್ ಮೆಸ್ಸಿನ ಭಟ್ರು ಉಡುಪಿ ಕಡೆಯೋರು. ರಾತ್ರಿ ಹಸಿವಾದಾಗೆಲ್ಲ ಶಿಲ್ಲಾಂಗ್ ಹೋಗಿ ಭಟ್ರ ಹತ್ರ ಕೂರ್ತಿದ್ದ, ಹಾಗಾಗಿ ಕನ್ನಡ ಕಲ್ತಿದ್ದೇ ಅವ್ರಿಂದ. ದಾವಣಗೆರೆ ಬಸ್‌ಸ್ಟ್ಯಾಂಡಲ್ಲಿ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ನಿಂತು "ಎಂಥದು ಮಾರಾಯ್ರೆ, ಖಾರ ಜಾಸ್ತಿ ಉಂಟಾ?" ಅಂತ ಅವ್ನು ಕೇಳಿದ್ರೆ ಅಂಗಡಿಯೋನು ಒಂದ್ಸಲ ಅವ್ನ ಮುಖ ನೋಡೋನು, ಒಂದ್ಸಲ ನಮ್ ಮುಖ ನೋಡೋನು, ಆಮೇಲೆ ಎರಡು ಮಿರ್ಚಿ ಎಕ್ಸ್ಟ್ರಾ ಹಾಕಿ ಕಳಿಸೋನು.

ಶಿಲ್ಲಾಂಗ್ ಹತ್ರ ರೇಡಿಯೋ ಟೇಪು ಎರಡೂ ಸೇರಿರೋ ಒಂದು ಟೂ-ಇನ್-ಒನ್ ಇತ್ತು. ಊರಿಂದ ಅವ್ನ ಅಣ್ಣ ಪಾರ್ಸಲ್ ಕಳಿಸ್ತಿದ್ದ, ಉಪ್ಪಿನಕಾಯಿ ಬಾಟ್ಲಿ ಮಧ್ಯೆ ಬಟ್ಟೆ ಸುತ್ತಿದ ಕ್ಯಾಸೆಟ್ಟು, ಎಲ್ಲಾ ರೆಕಾರ್ಡ್ ಮಾಡಿದ್ದು, ಮೇಲೆ ಪೆನ್ನಲ್ಲಿ ಬರೆದ ಹೆಸ್ರು. ಆಲ್ಬಮ್ ಅಲ್ಲಿ ಬಿಡುಗಡೆಯಾಗಿ ನಮ್ ಕೈಗೆ ಬರೋಕೆ ಆರು ಏಳು ತಿಂಗಳು ಆಗ್ತಿತ್ತು, ಅದರ ಜೊತೆಗೆ ಉಪ್ಪಿನಕಾಯಿ ವಾಸ್ನೆನೂ ಬರ್ತಿತ್ತು. ಪಾರ್ಸಲ್ ಬಂದ ಸಂಜೆ 23ನೇ ರೂಮಲ್ಲಿ ಹದಿನೈದು ಜನ. ಯಾಕೆ ನಮ್ ರೂಮು ಅಂದ್ರೆ ನಮ್ ರೂಮಿನ ಪ್ಲಗ್ ಪಾಯಿಂಟ್ ಒಂದೇ ಗಟ್ಟಿಯಾಗಿ ಕೂತಿದ್ದು. ಒಂದು ರೂಲ್ ಇತ್ತು, ಹಾಡು ಮಧ್ಯ ಮಾತಿಲ್ಲ, ಫಾರ್ವರ್ಡ್ ಇಲ್ಲ, ಮೊದಲ್ನೇ ಹಾಡಿಂದ ಕೊನೇ ಹಾಡಿನ ತನಕ ಕೂತು ಕೇಳ್ಬೇಕು. ಎ ಸೈಡ್ ಮುಗಿದು ಟಕ್ ಅಂದ ತಕ್ಷಣ ಟೇಪಿಗೆ ಹತ್ರ ಕೂತೋನು ತಿರುಗ್ಸಿ ಹಾಕ್ಬೇಕು. ಆಗ ಎಲ್ರೂ ಒಟ್ಟಿಗೆ ಕೂಗ್ತಿದ್ದಿದ್ದು "ಮಗುಚೋ!" ಅಂತ. ಈ ಮಾತು ಭಟ್ರದ್ದು, ಭಾನುವಾರ ಕಾವಲಿ ಮೇಲೆ ದೋಸೆ ಹುಯ್ದು ಅಸಿಸ್ಟೆಂಟ್ ಹುಡುಗನಿಗೆ ಅವ್ರು ಹೀಗೇ ಕೂಗ್ತಿದ್ರು. ದೋಸೆಯ ಮಾತು ಯೂ-ಟೂಗೆ ಬಂತು.

ದಿ ಜೋಶುವಾ ಟ್ರೀ. 1987ರ ಮಾರ್ಚ್ 9ಕ್ಕೆ ಬಂದ ಆಲ್ಬಮ್ಮು, ಡಬ್ಲಿನ್ನಿನ ನಾಲ್ಕು ಹುಡುಗ್ರದ್ದು, ಪ್ರೊಡ್ಯೂಸ್ ಮಾಡಿದ್ದು ಬ್ರಯನ್ ಈನೋ ಮತ್ತೆ ಡೇನಿಯಲ್ ಲನ್ವಾ. ಮೊದಲ್ನೇ ಹಾಡು ಶುರುವಾಗೋ ರೀತಿ ಇದೆಯಲ್ಲ, ಎಲ್ಲೋ ದೂರದಲ್ಲಿ ಆರ್ಗನ್ ಸದ್ದು ನಿಧಾನಕ್ಕೆ ಬೆಳಕು ಹರಿದಂಗೆ ಏಳುತ್ತೆ, ಅದರ ಮೇಲೆ ಅವ್ರ ಗಿಟಾರಿಸ್ಟ್ ಎಡ್ಜ್‌ನ ಗಿಟಾರು ಸಣ್ಣ ಮಳೆಹನಿ ಥರ ಬೀಳೋಕೆ ಶುರುವಾಗುತ್ತೆ, ಹತ್ತತ್ರ ಎರಡು ನಿಮಿಷ ಯಾರೂ ಹಾಡೋದೇ ಇಲ್ಲ. ಮೊದಲ ಸಲ ಹಾಕಿದಾಗ ನಮ್ ಹುಬ್ಬಳ್ಳಿ ದೋಸ್ತ "ಹಾಡವ್ರು ಎಲ್ಲಿಗೆ ಹ್ವಾದ್ರಲೇ, ಚಾ ಕುಡಿಯಾಕ?" ಅಂದ, ಮಾತಾಡಿದ್ದಕ್ಕೆ ಅವ್ನಿಗೆ ಹತ್ತು ಪೈಸೆ ದಂಡ. ಈ ಒಂದು ಹಾಡನ್ನ ರೆಕಾರ್ಡ್ ಮಾಡೋಕೆ ಅವ್ರು ಅದೆಷ್ಟು ದಿನ ಒದ್ದಾಡಿದ್ರು ಅಂದ್ರೆ, ಬೇಸತ್ತ ಈನೋ ಆ ಟೇಪನ್ನೇ ಅಳಿಸಿಹಾಕಿ ಹೊಸದಾಗಿ ಶುರು ಮಾಡೋಣ ಅಂತ ಹೊರಟಿದ್ದನಂತೆ, ಸ್ಟುಡಿಯೋದಲ್ಲಿದ್ದ ಎಂಜಿನಿಯರ್ ಒಬ್ಬ ತಡೆದು ಹಾಡನ್ನ ಉಳಿಸಿದ. ಇದನ್ನ ಓದಿದಾಗ ನಮಗೆಲ್ಲ ಆ ಎಂಜಿನಿಯರ್ ಮೇಲೆ ಎಂಥಾ ಅಭಿಮಾನ ಬಂತು ಅಂದ್ರೆ, ಎಂಜಿನಿಯರಿಂಗ್ ಓದೋಕೆ ಇದಕ್ಕಿಂತ ಒಳ್ಳೇ ಕಾರಣ ಯಾವ ಮೇಷ್ಟ್ರೂ ಹೇಳಿರ್ಲಿಲ್ಲ. ಹಾಡುಗಳು ಯಾವ ಆರ್ಡರಲ್ಲಿ ಬರ್ಬೇಕು ಅಂತ ಜೋಡ್ಸಿದ್ದು ಕರ್ಸ್ಟಿ ಮೆಕಾಲ್ ಅನ್ನೋ ಹಾಡುಗಾರ್ತಿ. ಒಂದು ಊಟದಲ್ಲಿ ಯಾವುದರ ಹಿಂದೆ ಯಾವುದನ್ನ ಬಡಿಸ್ಬೇಕು ಅನ್ನೋದು ಗೊತ್ತಿರೋರ ಕೈ ಅದು, ಐದನೇ ಹಾಡಿಗೆ ಎ ಸೈಡ್ ಮುಗಿಯುತ್ತೆ, ಪಿಯಾನೋ, ಮೌತ್ ಆರ್ಗನ್, ತುಂಬಾ ಮೆಲ್ಲಗೆ, ಆಮೇಲೆ ಟಕ್, ಆಮೇಲೆ ಮಗುಚೋ, ಆಮೇಲೆ ಗಣಿ ಕಾರ್ಮಿಕರ ಹಾಡು. ನನ್ ತಲೇಲಿ ಆ ಆಲ್ಬಮ್ಮಲ್ಲಿ ಹನ್ನೊಂದು ಹಾಡಲ್ಲ, ಹನ್ನೊಂದು ಹಾಡು ಒಂದು ಟಕ್ಕು.

ಆ ವರ್ಷ ನವೆಂಬರ್ 5ಕ್ಕೆ ರಿಲಯನ್ಸ್ ಕಪ್, ಅಂದ್ರೆ ಆ ಸಲದ ಕ್ರಿಕೆಟ್ ವರ್ಲ್ಡ್ ಕಪ್, ಅದರ ಸೆಮಿಫೈನಲಲ್ಲಿ ಬಾಂಬೇಲಿ ಇಂಗ್ಲೆಂಡಿನ ಗೂಚ್ ಸ್ವೀಪ್ ಹೊಡೆದು ಹೊಡೆದು 115 ಮಾಡಿ ನಮ್ಮನ್ನ ಸೋಲಿಸಿದ. ಇಡೀ ಹಾಸ್ಟೆಲ್ ಸಾವಿನ ಮನೆ ಥರ. ರಾತ್ರಿ ಯಾರೂ ಊಟಕ್ಕೆ ಹೋಗ್ಲಿಲ್ಲ. ಶಿಲ್ಲಾಂಗ್ ಸುಮ್ನೆ ಬಂದು ಜೋಶುವಾ ಟ್ರೀ ಹಾಕ್ದ, ಎರಡನೇ ಹಾಡು ಬಂತು, ಹುಡುಕ್ತಿರೋದು ನನಗಿನ್ನೂ ಸಿಕ್ಕಿಲ್ಲ ಅನ್ನೋ ಹಾಡು. ಮೂಲೇಲಿ ಯಾರೋ ಬಿಕ್ಕಿಬಿಕ್ಕಿ ಅತ್ತರು. ಅತ್ತೋನು ಈಗ ದೊಡ್ಡ ಆಫೀಸರ್, ಅದಕ್ಕೇ ಯಾರು ಅಂತ ಹೇಳಲ್ಲ.

ಇದೇ ಕ್ಯಾಸೆಟ್ಟಿನ ಕೊನೇಲಿ ಒಂದು ವಿಶೇಷ ಇತ್ತು. ಟಿಡಿಕೆ ಸಿ-60, ಒಂದೊಂದು ಸೈಡಿಗೆ ಅರ್ಧ ಗಂಟೆ, ಆಲ್ಬಮ್ ಐವತ್ತು ನಿಮಿಷದ್ದು, ಹಾಗಾಗಿ ಬಿ ಸೈಡಿನ ಕೊನೇಲಿ ಮೂರ್ನಾಲ್ಕು ನಿಮಿಷ ಖಾಲಿ ಉಳಿದಿತ್ತು. ಒಂದಿನ ಬೆಳಿಗ್ಗೆ ಕೊನೇ ಹಾಡು ಮುಗಿದ ಮೇಲೆ ಹುಬ್ಬಳ್ಳಿ ದೋಸ್ತ ನಿದ್ದೆಗಣ್ಣಲ್ಲಿ ಪ್ಲೇ ಒತ್ತೋಕೆ ಹೋಗಿ ರೆಕಾರ್ಡೂ ಸೇರ್ಸಿ ಒತ್ತಿದ್ದಾನೆ, ಅದೇ ಹೊತ್ತಿಗೆ ಭಟ್ರು ಕಾರಿಡಾರಲ್ಲಿ ಬಂದು ಕೂಗಿದ್ದಾರೆ. ಆಲ್ಬಮ್ಮಿನ ಕೊನೇ ಹಾಡು ಲ್ಯಾಟಿನ್ ಅಮೆರಿಕದಲ್ಲಿ ಸರ್ಕಾರಗಳು ಎತ್ತಿಕೊಂಡು ಹೋಗಿ ವಾಪಸ್ಸೇ ಬರದ ಮಕ್ಕಳ ತಾಯಂದಿರ ಬಗ್ಗೆ, ಕರುಳು ಕಿತ್ತು ಬರೋ ಹಾಡು, ಅದು ಮೆಲ್ಲಗೆ ಕರಗಿ ಹೋಗ್ತಿದ್ದಂಗೆ ಎರಡು ಸೆಕೆಂಡ್ ಮೌನ, ಆಮೇಲೆ ಭಟ್ರ ಸ್ವರ: "ಉಪ್ಪಿಟ್ಟು ತಣ್ಣಗಾಗ್ತದೆ ಮಾರಾಯ್ರೆ, ಬೇಗ ಬನ್ನಿ!" ಮೊದಲ ಸಲ ಕೇಳಿದಾಗ ಬಿದ್ದು ಬಿದ್ದು ನಕ್ವಿ. ಆಮೇಲಾಮೇಲೆ ಅದಿಲ್ದೆ ಆಲ್ಬಮ್ ಮುಗಿದಂಗೇ ಅನ್ನಿಸ್ತಿರ್ಲಿಲ್ಲ. ಮಕ್ಕಳನ್ನ ಕಳ್ಕೊಂಡ ಅಮ್ಮಂದಿರ ಹಾಡಾದ ಮೇಲೆ ಯಾರೋ ಒಬ್ರು ಮಕ್ಕಳನ್ನ ತಿಂಡಿಗೆ ಕರೀತಿದ್ದಾರೆ, ಅದು ಅಲ್ಲಿ ಇರ್ಬೇಕಾದ್ದೇ ಅಂತ ಶಿಲ್ಲಾಂಗೇ ಹೇಳಿ, ಯಾರೂ ಅದರ ಮೇಲೆ ಬೇರೆ ರೆಕಾರ್ಡ್ ಮಾಡ್ಬಾರ್ದು ಅಂತ ಕ್ಯಾಸೆಟ್ಟಿನ ಹಿಂದಿನ ಎರಡೂ ಟ್ಯಾಬ್ ಮುರಿದುಹಾಕ್ದ. ಡಬ್ಲಿನ್ನಲ್ಲಿ ಒಬ್ಬ ಎಂಜಿನಿಯರ್ ಮೊದಲ್ನೇ ಹಾಡು ಉಳಿಸಿದ, ದಾವಣಗೆರೇಲಿ ಒಬ್ಬ ಕೊನೇದನ್ನ ಉಳಿಸಿದ.

ಭಟ್ರಿಗೆ ಇಂಗ್ಲಿಷ್ ಹಾಡು ಇಷ್ಟ ಇತ್ತು ಅಂತ ತಿಳ್ಕೋಬೇಡಿ. ಅವ್ರ ಮೆಸ್ಸಲ್ಲಿ ಬೇರೆ ಒಂದು ಟೇಪ್‌ರೆಕಾರ್ಡರ್ ಇತ್ತು, ಅದರಲ್ಲಿ ಬೆಳಿಗ್ಗೆ ಭಕ್ತಿಗೀತೆ, ಮಧ್ಯಾಹ್ನ ರಾತ್ರಿ ಪ್ರೇಮಲೋಕ. ಹೌದು, ಪ್ರೇಮಲೋಕನೂ 1987ರದ್ದೇ, ರವಿಚಂದ್ರನ್, ಹಂಸಲೇಖ, ಬೈಕು, ಕಾಲೇಜು. ಮಾತಾಡೋ ಕನ್ನಡಾನೇ ಹಾಡಾಗಿ ಕುಣಿಯುತ್ತೆ ಅಂತ ತೋರಿಸ್ಕೊಟ್ಟ ಕ್ಯಾಸೆಟ್ಟು ಅದು, ದಾವಣಗೆರೇಲಿ ಯಾವ ಹೋಟ್ಲು ಯಾವ ಸಲೂನ್ ಮುಂದೆ ಹೋದ್ರೂ ಅದೇ. ಕೆಲವು ರಾಕ್ ಹುಡುಗ್ರು ಆಗ ಮೂಗು ಮುರೀತಿದ್ರು, ಹಾಗೆ ಮೂಗು ಮುರಿಯೋದು ನನಗೆ ಅವತ್ತೂ ಹಿಡಿಸ್ಲಿಲ್ಲ, ಇವತ್ತೂ ಹಿಡಿಸಲ್ಲ. ಆ ಬೇಸು, ಆ ಡ್ರಮ್ಮು, ಆ ಹುಡುಗಾಟ ಎಲ್ಲಾ ನಮ್ದೇ ಅಲ್ವಾ. ಶಿಲ್ಲಾಂಗ್ ಅದರ ಒಂದು ಹಾಡಿನ ಬೇಸ್‌ಲೈನ್ ಗಿಟಾರಲ್ಲಿ ಬಾರಿಸಿ ತೋರಿಸಿದ ದಿನ ಭಟ್ರು ಅವ್ನಿಗೆ ಎರಡು ದೋಸೆ ಜಾಸ್ತಿ ಹಾಕಿದ್ರು.

ಈಗ ಡೆಫ್ ಲೆಪರ್ಡ್ ವಿಷ್ಯಕ್ಕೆ ಬರ್ತೀನಿ, ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ, ಯಾಕಂದ್ರೆ ಭಟ್ರು ನಮ್ ಕಡೆ ಸೇರಿದ್ದು ಈ ಆಲ್ಬಮ್ಮಿಂದ. ಹಿಸ್ಟೀರಿಯಾ, 1987 ಆಗಸ್ಟ್ 3. ಉಕ್ಕಿನ ಊರು ಶೆಫೀಲ್ಡಿನ ಹುಡುಗ್ರು. ಅವ್ರ ಡ್ರಮ್ಮರ್ ರಿಕ್ ಅಲೆನ್‌ಗೆ 1984ರ ಡಿಸೆಂಬರ್ 31ಕ್ಕೆ ಕಾರ್ ಆಕ್ಸಿಡೆಂಟಾಗಿ ಎಡಗೈ ಹೋಯ್ತು. 21 ವರ್ಷದ ಹುಡುಗ, ಡ್ರಮ್ಮರ್, ಎಡಗೈ ಇಲ್ಲ. ಬ್ಯಾಂಡಿನೋರು ಬೇರೆ ಡ್ರಮ್ಮರ್ ಹುಡುಕ್ಲಿಲ್ಲ, ಕಾದ್ರು. ಇವ್ನು ಆಸ್ಪತ್ರೆ ಮಂಚದ ಮೇಲೇ ಕಾಲಲ್ಲಿ ತಾಳ ಹಾಕೋದು ಅಭ್ಯಾಸ ಮಾಡ್ಕೊಂಡ, ಎಡಗೈ ಮಾಡೋ ಕೆಲಸನೆಲ್ಲ ಎಡಗಾಲಿಗೆ ಕೊಡೋ ಥರ ಪೆಡಲ್ ಇರೋ ಎಲೆಕ್ಟ್ರಾನಿಕ್ ಡ್ರಮ್ ಸೆಟ್ ಮಾಡಿಸ್ಕೊಂಡ. ಮೊದಮೊದಲು ಧೈರ್ಯಕ್ಕೆ ಪಕ್ಕದಲ್ಲಿ ಸ್ಟೇಟಸ್ ಕ್ವೋ ಬ್ಯಾಂಡಿನ ಡ್ರಮ್ಮರ್ ಜೆಫ್ ರಿಚ್ ಕೂತು ಜೊತೆಗೆ ಬಾರಿಸ್ತಿದ್ದ, ಒಂದು ಪ್ರೋಗ್ರಾಮಿಗೆ ಅವ್ನು ಬರೋದು ತಡ ಆಯ್ತು, ಅಲೆನ್ ಒಬ್ಬನೇ ಶುರು ಮಾಡ್ದ, ಸಲೀಸಾಗಿ ನಡೀತು, ಅಲ್ಲಿಂದ ಮುಂದೆ ಒಬ್ಬನೇ. 1986 ಆಗಸ್ಟಲ್ಲಿ ಡಾನಿಂಗ್ಟನ್ ಬಯಲಲ್ಲಿ ಸಾವಿರಾರು ಜನದ ಮುಂದೆ ಅವ್ನ ಹೆಸ್ರು ಕೂಗಿದಾಗ ಎದ್ದ ಸದ್ದಿಗೆ ಅವ್ನು ಅತ್ತುಬಿಟ್ಟನಂತೆ.

ಆ ಪೆಡಲ್ ಸೆಟ್ ಹೇಗೆ ಕೆಲಸ ಮಾಡುತ್ತೆ ಅಂತ ಎಲೆಕ್ಟ್ರಾನಿಕ್ಸ್ ಹುಡುಗ್ರು ಬ್ಲಾಕ್ ಡಯಾಗ್ರಾಂ ಬರೆದು ಹಾಸ್ಟೆಲ್ ಗೋಡೆಗೆ ಅಂಟಿಸಿದ್ರು. ಭಟ್ರು ಅದೇನು ಅಂತ ಕೇಳಿದ್ರು, ಶಿಲ್ಲಾಂಗ್ ಪೂರ್ತಿ ಕಥೆ ಹೇಳ್ದ, ಅವ್ನ ಉಡುಪಿ ಕನ್ನಡದಲ್ಲೇ. ಭಟ್ರು ಸೌಟು ಕೆಳಗಿಟ್ಟು ಕೂತ್ಕೊಂಡ್ರು. ಅವ್ರ ಚಿಕ್ಕಪ್ಪ ಯಕ್ಷಗಾನ ಮೇಳದಲ್ಲಿ ಚೆಂಡೆ ಬಾರಿಸ್ತಿದ್ರಂತೆ. "ಒಂದು ಕೈ ಹೋದ್ರೆ ಚೆಂಡೆಯವನ ಕಥೆ ಅಲ್ಲಿಗೇ ಮುಗೀತು ಮಾರಾಯ್ರೆ. ಇವರು ಕಾದ್ರಲ್ಲ, ದೊಡ್ಡ ಮನುಷ್ಯರು" ಅಂದ್ರು. ಅವತ್ತಿಂದ ಮೆಸ್ಸಲ್ಲಿ ರಾತ್ರಿ ಊಟಕ್ಕೆ ಪ್ರೇಮಲೋಕ ಒಂದು ಸೈಡು, ಹಿಸ್ಟೀರಿಯಾ ಒಂದು ಸೈಡು. ಬೇರೆ ಯಾವ ಇಂಗ್ಲಿಷ್ ಹಾಡು ಬಂದ್ರೂ ಒಳಗಿಂದ ಕೇಳೋರು, "ಇದು ನಮ್ಮ ಒಂದು ಕೈಯ ಹುಡುಗ ಬಾರಿಸೂದಾ?" ಅಲ್ಲ ಅಂದ್ರೆ ಸಾಂಬಾರಿಗೆ ವಾಪಸ್ಸು.

ಆ ಆಲ್ಬಮ್ ಮಾಡೋಕೆ ಮೂರು ವರ್ಷದ ಮೇಲಾಯ್ತು. ಡ್ರಮ್ಮರ್ ಕೈ ಒಂದೇ ಅಲ್ಲ, ಪ್ರೊಡ್ಯೂಸರ್ ಮಟ್ ಲ್ಯಾಂಗ್ ಮೊದಲು ಸುಸ್ತಾಗಿ ಬಿಟ್ಟುಹೋದ, ಆಮೇಲೆ ಬಂದ, ಬಂದ ಮೇಲೆ ಅವ್ನಿಗೂ ಕಾರ್ ಆಕ್ಸಿಡೆಂಟಾಯ್ತು, ಹಾಡುಗಾರ ಜೋ ಎಲಿಯಟ್‌ಗೆ ಮಂಗನಬಾವು ಬಂತು. ಮಂಗನಬಾವು ನಮ್ ಹಾಸ್ಟೆಲಿಗೂ ಬಂದಿತ್ತು ಆ ವರ್ಷ, ಆರು ಜನಕ್ಕೆ, ಅವ್ರು ಆರೂ ಜನ ಜೋ ಎಲಿಯಟ್ ಪಾರ್ಟಿ ಅಂತ ಹೆಸ್ರಿಟ್ಕೊಂಡು ಕೆನ್ನೆ ಊದಿಸ್ಕೊಂಡೇ ಹಾಡ್ತಿದ್ರು. ಎಲ್ಲಾ ಮುಗೀತು ಅನ್ನೋ ಹೊತ್ತಿಗೆ ಎಲಿಯಟ್ ಬಿಡುವಲ್ಲಿ ಗಿಟಾರ್ ಹಿಡ್ಕೊಂಡು ಏನೋ ಗುನುಗ್ತಿದ್ದನ್ನ ಲ್ಯಾಂಗ್ ಕೇಳಿ ಇದೂ ಇರ್ಲಿ ಅಂದ, ಅದೇ ಸಕ್ಕರೆ ಸುರಿ ಅನ್ನೋ ಹಾಡು, ಪೋರ್ ಸಮ್ ಶುಗರ್ ಆನ್ ಮಿ, ಅಮೆರಿಕದಲ್ಲಿ ಆ ಆಲ್ಬಮ್ಮನ್ನ ಎತ್ತಿ ನಿಲ್ಲಿಸಿದ್ದೇ ಅದು. ಕೊನೆಗೆ 2 ಕೋಟಿಗೂ ಜಾಸ್ತಿ ಮಾರಾಟ ಆಯ್ತು. ನಮ್ ಮೆಸ್ಸಲ್ಲಿ ಕಾಫಿಗೆ ಸಕ್ಕರೆ ಕಮ್ಮಿ ಆದ ದಿನ ಅರವತ್ತು ಜನ ಲೋಟ ಕುಟ್ಕೊಂಡು ಆ ಹಾಡು ಶುರು ಮಾಡೋರು. ಭಟ್ರಿಗೆ ಯಾರೋ ಅರ್ಥ ಹೇಳಿಕೊಟ್ಟಿದ್ರು. ಹೊರಗೆ ಬಂದು ಸೊಂಟದ ಮೇಲೆ ಕೈ ಇಟ್ಕೊಂಡು, "ಸಕ್ಕರೆ ರೇಶನಿನದ್ದು ಮಾರಾಯ್ರೆ, ಲೋಟಕ್ಕೆ ಹಾಕ್ತೇನೆ, ಮೈಮೇಲೆಲ್ಲ ಸುರೀಲಿಕ್ಕೆ ಆಗುದಿಲ್ಲ" ಅಂತಿದ್ರು.

ಹಿಸ್ಟೀರಿಯಾ 62 ನಿಮಿಷದ್ದು, ನಮ್ ಕ್ಯಾಸೆಟ್ಟು 60ರದ್ದು. ಎ ಸೈಡಿನ ಆರನೇ ಹಾಡು ಆರ್ಮಗೆಡನ್ ಇಟ್, ಅದು ಪೂರ್ತಿ ಹಿಡಿಸ್ಲಿಲ್ಲ, ಒಳ್ಳೇ ಜೋರಲ್ಲಿ ಹೋಗ್ತಿರುವಾಗ್ಲೇ ಟಕ್. ನಾವು ಆ ಹಾಡು ಕಲ್ತಿದ್ದೇ ಹಾಗೆ. ಇಂಟರ್ ಕಾಲೇಜ್ ಫೆಸ್ಟಲ್ಲಿ ಶಿಲ್ಲಾಂಗ್ ಗಿಟಾರು, ಇನ್ನಿಬ್ರು ಕೀಬೋರ್ಡು ಡ್ರಮ್ಮು, ನಮ್ ಹುಬ್ಬಳ್ಳಿ ದೋಸ್ತ ಹಾಡಿದ, ಮುಂದೆ ಕೂತ ಇಡೀ ಹಾಸ್ಟೆಲ್ ಜೊತೆಗೆ ಹಾಡ್ತು, ಆ ಜಾಗ ಬಂತು ನೋಡಿ, ಸ್ಟೇಜ್ ಮೇಲಿದ್ದ ನಾಲ್ಕು ಜನ, ಕೆಳಗಿದ್ದ ಅರವತ್ತು ಜನ, ಎಲ್ರೂ ಒಂದೇ ಸಲ ಶಬ್ದದ ಅರ್ಧದಲ್ಲಿ ಗಪ್ಪಂತ ನಿಲ್ಲಿಸಿದ್ವಿ. ಇಡೀ ಹಾಲ್ ಸ್ತಬ್ಧ. ಆಮೇಲೆ ನಮ್ ಕಡೆಯಿಂದ ಒಂದೇ ಕೂಗು, "ಮಗುಚೋ!" ಅಂತ. ಬೇರೆ ಕಾಲೇಜಿನೋರಿಗೆ ತಲೆಬುಡ ಗೊತ್ತಾಗ್ಲಿಲ್ಲ. ಜಡ್ಜ್ ಆಗಿ ಬಂದಿದ್ದ ಮೇಡಮ್ಮು ಎಂಡಿಂಗ್ ತುಂಬಾ ಧೈರ್ಯದ್ದಾಗಿತ್ತು ಅಂತ ಮೈಕಲ್ಲಿ ಹೊಗಳಿ ಎರಡನೇ ಪ್ರೈಜ್ ಕೊಟ್ರು, ಸ್ಟೀಲ್ ಡಬ್ಬಿ, ಅದು ಈಗಲೂ ನಮ್ಮನೇಲಿ ಸಾಸಿವೆ ಡಬ್ಬಿಯಾಗಿ ಇದೆ.

ಗನ್ಸ್ ಎನ್ ರೋಸಸ್ ನಮಗೆ ಬಂದಿದ್ದು ತಡವಾಗಿ, ಆದ್ರೆ ತಡ ಆಗಿದ್ದು ಅಮೆರಿಕಕ್ಕೂ ಹೌದು. ಅಪೆಟೈಟ್ ಫಾರ್ ಡಿಸ್ಟ್ರಕ್ಷನ್ ಬಂದಿದ್ದು 1987 ಜುಲೈ 21, ಅಲ್ಲಿ ನಂಬರ್ ಒನ್ ಆಗಿದ್ದು 1988 ಆಗಸ್ಟಲ್ಲಿ, ಒಂದು ವರ್ಷದ ಮೇಲೆ. ಮೊದಲು ಯಾರೂ ಮೂಸಿ ನೋಡಿರ್ಲಿಲ್ಲ, ರೆಕಾರ್ಡ್ ಕಂಪನಿಯ ಡೇವಿಡ್ ಗೆಫೆನ್ ಹಾಡಿನ ಟಿವಿ ಚಾನೆಲ್ ಎಂಟಿವಿಯೋರನ್ನ ಕೇಳ್ಕೊಂಡ ಮೇಲೆ ಬೆಳಗಿನ ಜಾವ ಯಾರೂ ನೋಡದ ಹೊತ್ತಲ್ಲಿ ಒಂದ್ಸಲ ವಿಡಿಯೋ ಹಾಕಿದ್ರು, ಅಷ್ಟಕ್ಕೇ ಫೋನು ಬಿಡುವಿಲ್ಲದೆ ಬಡ್ಕೊಳ್ತಂತೆ. ಅದರ ಮೊದಲ್ನೇ ಹಾಡು ವೆಲ್ಕಮ್ ಟು ದ ಜಂಗಲ್, ಶುರುನಲ್ಲೇ ಹಾಡುಗಾರ ಆಕ್ಸಲ್ ರೋಸ್ ಒಂದು ಕಿರುಚು ಕಿರುಚ್ತಾನೆ, ಸೈರನ್ ಥರ ಏರುತ್ತೆ. ರಾತ್ರಿ ಹನ್ನೊಂದಕ್ಕೆ ಫುಲ್ ವಾಲ್ಯೂಮಲ್ಲಿ ಹಾಕಿದ್ವಿ. ವಾರ್ಡನ್ ಸಾರು ಪಂಚೆ ಎತ್ತಿ ಕಟ್ಕೊಂಡು ಟಾರ್ಚ್ ಹಿಡ್ಕೊಂಡು ಓಡಿ ಬಂದ್ರು, ಯಾವ ಜೂನಿಯರಿಗೆ ಏನ್ ಮಾಡ್ತಿದ್ದೀರೋ ಅಂತ. ಮಂಚದ ಕೆಳಗೆ, ಬಾಗಿಲ ಹಿಂದೆ, ಬಾತ್‌ರೂಮಲ್ಲಿ ಎಲ್ಲಾ ಟಾರ್ಚ್ ಬಿಟ್ಟು ಹುಡುಕಿದ್ರು. ಶಿಲ್ಲಾಂಗ್ ತುಂಬಾ ಗೌರವದಿಂದ ಕ್ಯಾಸೆಟ್ ರಿವೈಂಡ್ ಮಾಡಿ "ಕಿರುಚಿದವ ಇವ ಸಾರ್, ಲಾಸ್ ಏಂಜಲೀಸಿನಲ್ಲಿ ಇದ್ದಾನೆ" ಅಂತ ಮತ್ತೊಂದ್ಸಲ ಕೇಳಿಸ್ದ. ಸಾರು ಕೂತು ಪೂರ್ತಿ ಕೇಳಿ, ಹುಡುಗ್ರು ಎಲ್ಲಾ ಸುರಕ್ಷಿತವಾಗಿದ್ದಾರೆ ಅಂತ ಖಾತ್ರಿ ಮಾಡ್ಕೊಂಡು, "ಪಾಪ ಯಾರಾದ್ರೂ ಅವ್ನಿಗೆ ನೀರು ಕೊಡ್ರಪ್ಪ" ಅಂತ ಹೇಳಿ ಹೋದ್ರು. ಬಂಗಾರದಂಥ ಮನುಷ್ಯ.

1987 ಬರಗಾಲದ ವರ್ಷ, ಕರೆಂಟ್ ಯಾವಾಗ ಹೋಗುತ್ತೆ ಗೊತ್ತಿಲ್ಲ, ಸೆಲ್ಲಲ್ಲೇ ಟೇಪ್ ಓಡ್ಬೇಕು. ಸೆಲ್ ವೀಕಾಗ್ತಿದ್ದಂಗೆ ಆಕ್ಸಲ್ ರೋಸ್ ಸ್ವರ ಮೆಲ್ಲಗೆ ಇಳೀತಾ ಇಳೀತಾ ಯಕ್ಷಗಾನದ ರಾಕ್ಷಸನ ಥರ ಆಗ್ತಿತ್ತು. ಮಧ್ಯಾಹ್ನ ಸೆಲ್ಲುಗಳನ್ನ ಹಾಸ್ಟೆಲ್ ಟೆರೇಸ್ ಮೇಲೆ ಹಪ್ಪಳದ ಪಕ್ಕ ಬಿಸಿಲಿಗೆ ಇಡ್ತಿದ್ವಿ, ಸಂಜೆಗೆ ಒಂದೆರಡು ಹಾಡಿಗೆ ಜೀವ ಬರ್ತಿತ್ತು, ಆ ಎರಡು ಹಾಡು ಯಾವ್ದು ಅನ್ನೋದಕ್ಕೆ ಕೈ ಎತ್ತಿಸಿ ವೋಟಿಂಗು. ಯಾವಾಗ್ಲೂ ಗೆಲ್ತಿದ್ದಿದ್ದು ಸ್ವೀಟ್ ಚೈಲ್ಡ್ ಓ ಮೈನ್. ಅದರ ಶುರುವಿನ ಗಿಟಾರ್ ಅವ್ರ ಗಿಟಾರಿಸ್ಟ್ ಸ್ಲ್ಯಾಶ್ ಸುಮ್ನೆ ಬೆರಳು ಪಳಗಿಸೋಕೆ ಆಟಕ್ಕೆ ಬಾರಿಸ್ತಿದ್ದ ವರಸೆ, ಕೊನೇಲಿ ಮುಂದೆ ಹಾಡನ್ನ ಎಲ್ಲಿಗೆ ಒಯ್ಯೋದು ಅಂತ ತಿಳೀದೆ ಆಕ್ಸಲ್ ಅಂದಿದ್ದ ಈಗ ಎಲ್ಲಿಗೆ ಹೋಗೋಣ ಅನ್ನೋ ಮಾತೇ ಹಾಡಿನ ಸಾಲಾಯ್ತು. ಫೈನಲ್ ಇಯರ್‌ನೋರು ಆ ಸಾಲು ಬಂದಾಗ ಎದ್ದು ನಿಂತು ಹಾಡ್ತಿದ್ರು, ಯಾಕೆ ಅಂತ ಎಂಜಿನಿಯರಿಂಗ್ ಓದಿದೋರಿಗೆ ಬಿಡಿಸಿ ಹೇಳೋದು ಬೇಡ.

ಪಿಂಕ್ ಫ್ಲಾಯ್ಡ್ ಆಲ್ಬಮ್ ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್. ಹಾಡು ಬರೀತಿದ್ದ ರೋಜರ್ ವಾಟರ್ಸ್ ಬ್ಯಾಂಡ್ ಬಿಟ್ಟುಹೋದ ಮೇಲೆ ಮಾಡಿದ್ದು, ಗಿಟಾರಿಸ್ಟ್ ಗಿಲ್ಮೋರ್ ಥೇಮ್ಸ್ ನದಿ ಮೇಲಿನ ತನ್ನ ದೋಣಿಮನೇಲಿ ಬಹುಪಾಲು ರೆಕಾರ್ಡ್ ಮಾಡಿದ್ದ. ಆಲ್ಬಮ್ ಅಷ್ಟಕ್ಕಷ್ಟೇ ಅಂತ ನನ್ನಭಿಪ್ರಾಯ, ಆದ್ರೆ ಕವರ್! ಇಂಗ್ಲೆಂಡಿನ ಡೆವನ್ ಕಡಲತೀರದಲ್ಲಿ ನಿಜವಾದ 700 ಕಬ್ಬಿಣದ ಆಸ್ಪತ್ರೆ ಮಂಚ ಸಾಲಾಗಿ ಹಾಕಿ, ಹಾಸಿಗೆ ಹಾಸಿ, ಫೋಟೋ ತೆಗೆದಿದ್ದಾರೆ. ಮೊದಲ ಸಲ ಎಲ್ಲಾ ಹಾಕಿ ಮುಗಿಸಿದ ಮೇಲೆ ಮಳೆ ಬಂತು, ಎಲ್ಲಾ ಹೊತ್ತು ವಾಪಸ್, ಆಮೇಲೆ ಮತ್ತೆ ಹಾಕಿದ್ರು. ನಮ್ ಹಾಸ್ಟೆಲಲ್ಲೂ ಕಬ್ಬಿಣದ ಮಂಚ. 1988ರ ಏಪ್ರಿಲ್, ಸೆಕೆ ತಡೆಯೋಕಾಗ್ತಿಲ್ಲ, ಹೇಗೂ ಹೊರಗೇ ಮಲಗೋದು, ಅದನ್ನೇ ಫ್ಲಾಯ್ಡ್ ಥರ ಯಾಕೆ ಹಾಕ್ಬಾರ್ದು ಅಂತ ಶಿಲ್ಲಾಂಗಿಗೆ ಹೊಳೀತು. ನಲವತ್ತೆರಡು ಮಂಚ ಗ್ರೌಂಡಿಗೆ ಹೊತ್ತು, ಸಿವಿಲ್ ಹುಡುಗ್ರು ದಾರ ಹಿಡಿದು ಲೈನ್ ಸರಿ ಮಾಡಿ, ಬಿಳಿ ಹಾಸು ಹಾಸಿ, ಕ್ಯಾಮೆರಾ ಇದ್ದೋನು ನೀರಿನ ಟ್ಯಾಂಕ್ ಹತ್ತಿ ಕೂತ. ಸೂರ್ಯ ಮುಳುಗೋ ಬೆಳಕಿಗೆ ಕಾಯ್ತಾ ಇದ್ವಿ. ಹೋದ ವರ್ಷವಿಡೀ ಬಾರದೇ ಇದ್ದ ಮಳೆ ಆವಾಗ ಬಂತು ನೋಡಿ, ಗುಡುಗು ಸಿಡಿಲು ಆಲಿಕಲ್ಲು ಎಲ್ಲಾ ಸೇರಿ. ಒಂದು ಮಂಚನೂ ಒಣಗಿದ್ದು ಉಳೀಲಿಲ್ಲ. ಭಟ್ರು ಮೆಸ್ಸಿನ ಜಗಲಿ ಮೇಲೆ ನಿಂತು ನೋಡ್ತಾ ನೋಡ್ತಾ, "ಮಂಚ ಹಾಕಿದ್ರೆ ಮಳೆ ಬರ್ತದೆ ಅಂತ ಗೊತ್ತಿದ್ರೆ ಹೋದ ವರ್ಷವೇ ಹಾಕ್ಬಹುದಿತ್ತಲ್ಲ ಮಾರಾಯ್ರೆ!" ಅಂದ್ರು. ಆ ರಾತ್ರಿ ಎಲ್ರೂ ಮೆಸ್ಸಿನ ಬೆಂಚು ಟೇಬಲ್ ಮೇಲೆ ಮಲಗಿದ್ವಿ, ಮಣ್ಣಿನ ವಾಸ್ನೆ, ಟೇಪಲ್ಲಿ ಫ್ಲಾಯ್ಡು. ಟ್ಯಾಂಕ್ ಮೇಲಿಂದ ತೆಗೆದ ಒಂದೇ ಒಂದು ಫೋಟೋ ಬಂತು, ಅದರಲ್ಲಿ ಮಂಚ ಕಾಣಲ್ಲ, ತಲೆ ಮೇಲೆ ಹಾಸಿಗೆ ಹೊತ್ಕೊಂಡು ಓಡ್ತಿರೋ ನಲವತ್ತು ಜನ ಕಾಣ್ತಾರೆ. ನನಗೆ ಒರಿಜಿನಲ್ಲಿಗಿಂತ ಅದೇ ಇಷ್ಟ.

ಹಾಡಿನ ಲೆಕ್ಕದಲ್ಲಿ 1987ನೇ ದೊಡ್ಡ ವರ್ಷ ಅಂದ್ರೆ ಹುಬ್ಬಳ್ಳಿ ದೋಸ್ತ ಮಾತ್ರ ಇವತ್ತಿಗೂ ಒಪ್ಪಲ್ಲ. ಅವ್ನ ಪ್ರಕಾರ 1984 ದೊಡ್ಡದು. "ಏನಲೇ, ವ್ಯಾನ್ ಹೇಲನ್ ತಮ್ಮ ಆಲ್ಬಮ್ಮಿಗೆ 1984 ಅಂತನ ಹೆಸರಿಟ್ಟಾರ, ಇನ್ನ ಮ್ಯಾಲೆ ಏನ್ ಬೇಕ ನಿನಗ?" ಅಂತಾನೆ. ಪರ್ಪಲ್ ರೇನ್, ಬಾರ್ನ್ ಇನ್ ದ ಯು.ಎಸ್.ಎ., ಐರನ್ ಮೇಡನ್‌ನ ಪವರ್‌ಸ್ಲೇವ್, ಮೆಟಾಲಿಕಾದ ರೈಡ್ ದ ಲೈಟ್ನಿಂಗ್, ಡೀಪ್ ಪರ್ಪಲ್ ವಾಪಸ್ ಒಂದಾಗಿ ಮಾಡಿದ ಪರ್ಫೆಕ್ಟ್ ಸ್ಟ್ರೇಂಜರ್ಸ್, ಪಟ್ಟಿ ಹೇಳ್ತಾ ಹೋದ್ರೆ ಅವ್ನದ್ದೂ ಸಣ್ಣದಲ್ಲ, ಒಪ್ತೀನಿ. ಆದ್ರೆ ಡೀಪ್ ಪರ್ಪಲ್ಲಲ್ಲಿ ಹಿಂದೆ ಹಾಡಿದ್ದ ಡೇವಿಡ್ ಕವರ್‌ಡೇಲ್ ವೈಟ್‌ಸ್ನೇಕ್ ಕಟ್ಟಿ ಮಾಡಿದ ಆಲ್ಬಮ್ಮು ಯೂರೋಪಲ್ಲಿ ಬಂದಿದ್ದು 1987 ಅನ್ನೋ ಹೆಸ್ರಲ್ಲೇ. ಅಲ್ಲಿಗೆ ಹೆಸರಿನ ಲೆಕ್ಕ ಸಮ ಆಯ್ತಲ್ಲ. ಇನೆಕ್ಸೆಸ್ (INXS) ಬ್ಯಾಂಡಿನ ಕಿಕ್ಕು, ಏರೋಸ್ಮಿತ್ ವಾಪಸ್ ಎದ್ದು ಬಂದಿದ್ದು, ಹಾಡುಗಾರನೇ ಇಲ್ದೆ ಬರೀ ಗಿಟಾರಲ್ಲಿ ಜೋ ಸ್ಯಾಟ್ರಿಯಾನಿ ಮಾಡಿದ ಸರ್ಫಿಂಗ್ ವಿತ್ ದ ಏಲಿಯನ್, ಇನ್ನೂ ಇದೆ. 1984 ನಾನು ಆಮೇಲೆ ಹಿಂದಕ್ಕೆ ಹೋಗಿ ಕೇಳಿದ್ದು, 1987 ಬರ್ತಾ ಇದ್ದಂಗೇ ಕೇಳಿದ್ದು. ಬೆಣ್ಣೆ ದೋಸೆ ಕಾವಲಿಯಿಂದ ನೇರ ತಟ್ಟೆಗೆ ಬಿದ್ದಿದ್ದಕ್ಕೂ ಪಾರ್ಸಲ್ ತಂದಿದ್ದಕ್ಕೂ ವ್ಯತ್ಯಾಸ ಇಲ್ವಾ? ಇದನ್ನ ಹೇಳಿದ್ರೆ ಮಾತ್ರ ಅವ್ನು ಸುಮ್ನಾಗ್ತಾನೆ, ಯಾಕಂದ್ರೆ ದೋಸೆ ವಿಷ್ಯದಲ್ಲಿ ಅವ್ನು ಸುಳ್ಳು ಹೇಳಲ್ಲ.

2019 ಡಿಸೆಂಬರ್ 15, ಭಾನುವಾರ. ಯೂ-ಟೂ ಮೊದಲ ಸಲ ಭಾರತಕ್ಕೆ ಬಂದ್ರು, ನವಿ ಮುಂಬೈನ ಡಿ.ವೈ. ಪಾಟೀಲ್ ಸ್ಟೇಡಿಯಂ, ಅದೂ ಜೋಶುವಾ ಟ್ರೀ ಟೂರು, ಇಡೀ ಆಲ್ಬಮ್ ಮೊದಲ್ನೇ ಹಾಡಿಂದ ಕೊನೇ ಹಾಡಿನ ತನಕ ಅದೇ ಆರ್ಡರಲ್ಲಿ. ಅನೌನ್ಸ್ ಆದ ರಾತ್ರೀನೇ ಶಿಲ್ಲಾಂಗ್ ಫೋನ್ ಮಾಡಿ "ಎಂಥ ಮಾರಾಯ, ಬರ್ತಿಯಾ ಇಲ್ವಾ?" ಅಂದ, ಮೂವತ್ತು ವರ್ಷ ಆದ್ರೂ ಅದೇ ಉಡುಪಿ ಕನ್ನಡ. ನಾಲ್ಕು ಜನ ಹೋದ್ವಿ, ನಾನು, ಶಿಲ್ಲಾಂಗ್, ಹುಬ್ಬಳ್ಳಿ ದೋಸ್ತ, ಟ್ಯಾಂಕ್ ಹತ್ತಿದ್ದ ಕ್ಯಾಮೆರಾದೋನು. ಭಟ್ರು ತೀರಿಕೊಂಡು ಆಗಲೇ ಹತ್ತು ವರ್ಷದ ಮೇಲಾಗಿತ್ತು. ಆ ಕ್ಯಾಸೆಟ್ ಶಿಲ್ಲಾಂಗ್ ಜೇಬಲ್ಲಿತ್ತು, ಕೇಳೋ ಸ್ಥಿತೀಲಿಲ್ಲ, ಟೇಪ್ ಅಂಟಿಕೊಂಡುಬಿಟ್ಟಿದೆ, ಆದ್ರೂ ತಂದಿದ್ದ.

ಮೊದಲು ಬೇರೆ ಕೆಲವು ಹಾಡು ಆಯ್ತು. ಆಮೇಲೆ ಆ ಆರ್ಗನ್ ಸದ್ದು ಎದ್ದಿತು, ಹಿಂದಿನ ದೊಡ್ಡ ಪರದೆ ಕೆಂಪಾಯ್ತು, ಆ ಎರಡು ನಿಮಿಷದಲ್ಲಿ ಹುಬ್ಬಳ್ಳಿ ದೋಸ್ತ ಜೇಬಿಂದ ಏನೋ ತೆಗೆದು ನನ್ ಕೈಲಿ ಇಟ್ಟ, ನೋಡಿದ್ರೆ ಹತ್ತು ಪೈಸೆ. ಎಲ್ಲಿ ಹುಡುಕಿದ್ನೋ. ಐದನೇ ಹಾಡು ಮೌತ್ ಆರ್ಗನಲ್ಲಿ ಕರಗಿತು, ಸ್ಟೇಜ್ ಕತ್ತಲಾಯ್ತು, ನಾವು ನಾಲ್ಕೂ ಜನ ಅವತ್ತಿನ ಹಾಗೇ ಒಂದೇ ಉಸಿರಲ್ಲಿ "ಮಗುಚೋ!" ಅಂತ ಕೂಗಿದ್ವಿ. ಮುಂದಿನ ಸಾಲಿನ ಹುಡುಗ್ರು ತಿರುಗಿ ನೋಡಿದ್ರು. ಅಷ್ಟರಲ್ಲಿ ಆರನೇ ಹಾಡು ಶುರುವಾಯ್ತು.

ಹನ್ನೊಂದನೇದು ಅಮ್ಮಂದಿರ ಹಾಡು. ಸ್ಟೇಡಿಯಂನಲ್ಲಿ ಅಷ್ಟು ಸಾವಿರ ಜನ, ಒಂದು ಪಿಸುಮಾತಿಲ್ಲ. ಹಾಡು ಮೆಲ್ಲಗೆ ಮುಗೀತು, ಒಂದು ಸೆಕೆಂಡು, ಎರಡು ಸೆಕೆಂಡು. ನಾನು ಶಿಲ್ಲಾಂಗ್ ಕಡೆ ನೋಡ್ದೆ, ಅವ್ನು ಜೇಬಿನ ಮೇಲೆ ಕೈ ಇಟ್ಕೊಂಡು, ಕಣ್ಣು ಮುಚ್ಕೊಂಡು, ಭಟ್ರ ಸ್ವರದಲ್ಲೇ, ಚಪ್ಪಾಳೆ ಏಳೋಕೆ ಮುಂಚೆ, ಕೂಗ್ದ: "ಉಪ್ಪಿಟ್ಟು ತಣ್ಣಗಾಗ್ತದೆ ಮಾರಾಯ್ರೆ, ಬೇಗ ಬನ್ನಿ!"